ನಿವೃತ್ತಿವೇತನವೂ ಪ್ರಾಚೀನ ನೀತಿಗ್ರಂಥಗಳೂ

ರಾಜಸೇವೆಯಿಂದ ನಿವೃತ್ತನಾದವನಿಗೆ ಸಲ್ಲುವ ಜೀವನಾಂಶಕ್ಕೆ ಪಿಂಚಣಿಯೆಂದೂ ನಿವೃತ್ತಿವೇತನವೆಂದೂ ಹೆಸರು. ಇದರ ವಿಧಿಗಳು ನಮ್ಮ ನೀತಿಶಾಸ್ತ್ರಗಳಲ್ಲಿ ಬಹುಕಾಲದಿಂದಲೂ ಇದ್ದುವೆಂದು ಹೇಳುವವರುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಮೊದಲನೆಯದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ದೊರೆತ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಇದನ್ನು ಪ್ರಕಟಿಸಿದರು. ಇದರ ಐದನೆಯ ಅಧಿಕರಣದಲ್ಲಿ ಭೃತ್ಯಭರಣೀಯವೆಂಬ ಪ್ರಕರಣವಿದೆ. ಕಾರ್ಯದಲ್ಲಿರುವಾಗಲೇ ಮೃತನಾದವನ ಹೆಂಡತಿ ಮಕ್ಕಳು ಭಕ್ತವೇತನವನ್ನು ಪಡೆಯತಕ್ಕದ್ದೆಂದೂ, ಅವರಲ್ಲಿ ಬಾಲರು, ವೃದ್ಧರು, ವ್ಯಾಧಿತರು ಅನುಗ್ರಹಕ್ಕೆ ಪಾತ್ರರೆಂದೂ ಅಲ್ಲಿಯ ವಿಧಿ. ಭಕ್ತವೆಂದರೆ ಇಲ್ಲಿ ಅನ್ನ. ವಯಸ್ಸು ಮೀರಿ ಕೆಲಸ ಬಿಟ್ಟವನಿಗೆ ಇಂತಿಷ್ಟು ಸಲ್ಲಬೇಕೆಂಬ ನಿಯಮವು ಆ ಪ್ರಕರಣದಲ್ಲಿ ಕಾಣಬರುವುದಿಲ್ಲ. ಆದುದರಿಂದ ಇದು ಇಂದಿನ ಕುಟುಂಬವೇತನವನ್ನು ಹೋಲುವುದೇ ಹೊರತು ನಿವೃತ್ತಿವೇತನವನ್ನಲ್ಲ. ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದ, ನಮ್ಮ ಶಾಸನಗಳಲ್ಲಿ ಪ್ರಸಿದ್ಧವಾದ ನೆತ್ತರುಗೊಡಗೆಯೂ ಈ ವರ್ಗಕ್ಕೇ ಸೇರಿದುದು.

ಎರಡನೆಯದು ಶುಕ್ರನೀತಿಸಾರ. ಇದರಲ್ಲಿ ವಿಧಿ ಸ್ಪಷ್ಟವಾಗಿದೆ. 40 ವರ್ಷ ಸೇವೆ ಸಲ್ಲಿಸಿದವನಿಗೆ ಆಮೇಲೆ ಸೇವೆಯಿಲ್ಲದೆಯೇ ಯಾವಜ್ಜೀವವೂ ಅರ್ಧವೇತನವು ಸಲ್ಲಬೇಕು. ಅವನ ಮಗನು ಅಸಮರ್ಥನಾದ ಬಾಲಕನಾಗಿದ್ದರೆ ಅದರ ಅರ್ಧ. ಇಲ್ಲವೆ ಸುಶೀಲೆಯಾದ ಪತ್ನಿಗೆ ಅಥವಾ ಕನ್ಯೆಗೆ. ನಿವೃತ್ತಿವೇತನದ ಲಕ್ಷಣವು ಇಲ್ಲಿ ಪೂರ್ಣವಾಗಿಯೇ ಇದೆ. ಆದರೆ ಗ್ರಂಥದ ಕಾಲವೇ ವಿವಾದಗ್ರಸ್ತ. ಗುಸ್ತಾವ್ ಓಪರ್ಟನು 1882ರಲ್ಲಿ ಇದನ್ನು ಮದರಾಸಿನಲ್ಲಿ ಮುದ್ರಿಸಿ ಅತಿಪ್ರಾಚೀನವೆಂದು ಎಣಿಸಿದನು. ನಾಲಿಕಾಸ್ತ್ರ, ಅಗ್ನಿಚೂರ್ಣಗಳ, ಎಂದರೆ ಕೋವಿ ಮದ್ದುಗಳ, ವರ್ಣನೆಯು ಆ ಎಣಿಕೆಗೆ ಬಾಧಕವಾಯಿತು. ಲಲ್ಲನ್‌ಜಿ ಗೋಪಾಲರು 1962ರಲ್ಲಿ ಇದನ್ನು ಹತ್ತೊಂಬತ್ತನೆಯ ಶತಮಾನದ ರಚನೆಯೆಂದೇ ವಾದಿಸಿದರು. ಈ ವಾದವನ್ನು ಒಪ್ಪುವುದಾದರೆ, ಅರ್ಧವೇತನದ ವಿಧಿಯು ಕಂಪನಿ ಸರ್ಕಾರದ ಕಾಲದ್ದಾಗುವುದೇ ಹೊರತು ಪ್ರಾಚೀನ ಭಾರತದ್ದಾಗಲಾರದು. ಗ್ರಂಥದ ಕಾಲವನ್ನು ನಿರ್ಣಯಿಸದೆ ಅದನ್ನು ಪ್ರಮಾಣವಾಗಿ ಉದಾಹರಿಸುವುದು ಯುಕ್ತವಲ್ಲ.

ಇನ್ನೊಂದು ಭೇದವೂ ಗಮನಾರ್ಹ. ನೀತಿಗ್ರಂಥಗಳಲ್ಲಿ ಭೃತ್ಯಭರಣವು ರಾಜನ ಧರ್ಮ; ಅವನು ಅದನ್ನು ನಡೆಸದಿದ್ದರೆ ಭೃತ್ಯನಿಗೆ ಗತಿಯೇನೆಂಬುದನ್ನು ಈ ವಚನಗಳು ಹೇಳುವುದಿಲ್ಲ. 1982ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ನಕಾರ ಎಂಬವರ ಮೊಕದ್ದಮೆಯಲ್ಲಿ, ಪಿಂಚಣಿಯು ಒಡೆಯನ ಇಚ್ಛೆಯನ್ನು ಅವಲಂಬಿಸಿದ ಅನುಗ್ರಹವಲ್ಲ, ಸಲ್ಲಿಸಿದ ಸೇವೆಯಿಂದ ಬಂದ ಹಕ್ಕು ಎಂದು ನಿರ್ಣಯಿಸಿತು. ಅನುಗ್ರಹವು ಸ್ವತ್ವವಾಗಿ ಪರಿಣಮಿಸಿದುದು ಇಲ್ಲಿ. ಅನ್ನ ಕೊಡಬೇಕೆಂಬ ಭಾವನೆ ಹಳೆಯದು. ಕೇಳಿ ಪಡೆಯಬಹುದೆಂಬ ಅಧಿಕಾರ ಹೊಸದು. ಇವೆರಡನ್ನು ಬೆರಸದಿರುವುದೇ ಶಾಸ್ತ್ರಕ್ಕೂ ಚರಿತ್ರೆಗೂ ನ್ಯಾಯ.