ಕೌದಿ: ಹಳೆಯ ಬಟ್ಟೆಗೆ ಹೊಸ ಬೆಲೆ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಎಂದೊಡನೆ ವ್ಯಾಪಾರಸ್ಥರಿಗೆ ನೆನಪಾಗುವುದು ಭತ್ತ, ಹತ್ತಿ ಮತ್ತು ಹಟ್ಟಿಯ ಚಿನ್ನ. ಇದೇ ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ಸಿದ್ಧವಾಗುತ್ತ ಬಂದಿರುವ ಕೌದಿಯನ್ನು ನಾವು ಸರಕೆಂದು ಎಣಿಸಿದ್ದು ಕಡಿಮೆ. ಪರಿಸರಸ್ನೇಹಿ ಕರಕುಶಲ ವಸ್ತುಗಳಿಗೆ ನಗರಗಳಲ್ಲಿ ಬೇಡಿಕೆ ಇರುವ ಈ ಕಾಲದಲ್ಲಿ ಅದರ ಅರ್ಥಶಾಸ್ತ್ರವನ್ನು ಅರಿಯುವುದು ಉಚಿತ.

ಉಟ್ಟು ಹಳತಾದ ನೂಲಿನ ಸೀರೆ, ಧೋತರಗಳನ್ನು ಒಗೆದು, ಪದರ ಪದರವಾಗಿ ನೆಲಕ್ಕೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಪದರಗಳ ನಡುವೆ ನಿಂತ ಗಾಳಿಯೇ ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ. ಇದರ ಬಣ್ಣವೂ ಈ ನೆಲದ್ದೇ: ಲಿಂಗಸುಗೂರಿಗೆ ಸಮೀಪದ ಇಳಕಲ್ಲಿನ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ತುಂಡು. ನಕ್ಷೆಯನ್ನು ಕಾಗದದ ಮೇಲೆ ಬರೆಯುವವರಿಲ್ಲ. ಮನೆಯಲ್ಲಿ ಉಟ್ಟ ಬಟ್ಟೆಯೇ ನಕ್ಷೆಯನ್ನು ನಿರ್ಧರಿಸುತ್ತದೆ.

ಇಲ್ಲಿ ವ್ಯಾಪಾರಿಗಳು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಬೇರೆ ಸರಕಿನಲ್ಲಿ ಕಚ್ಚಾ ಮಾಲಿನ ದರದ ಮೇಲೆ ಚೌಕಾಶಿ ಸಾಧ್ಯ. ಕೌದಿಯಲ್ಲಿ ಬಟ್ಟೆಗೆ ಖರ್ಚು ಅತ್ಯಲ್ಪ. ದಾರವನ್ನು ಬಿಟ್ಟರೆ ಉಳಿದುದೆಲ್ಲ ಹೆಣ್ಣುಮಕ್ಕಳ ದುಡಿಮೆ. ಆದ್ದರಿಂದ ಗಿರಾಕಿ ಇಳಿಸಿದ ಪ್ರತಿಯೊಂದು ರೂಪಾಯಿಯೂ ಅವರ ಕೂಲಿಯಿಂದಲೇ ಹೋಗುತ್ತದೆ. ಹೊಲಿದ ದಿನಗಳನ್ನು ಲೆಕ್ಕವಿಟ್ಟು ದರ ನಿಗದಿಪಡಿಸದೆ, ಗಿರಣಿಯ ಹೊದಿಕೆಯೊಡನೆ ಬೆಲೆ ಹೋಲಿಸಿದರೆ ಈ ಕಸುಬು ನಿಲ್ಲದು.

ಎರಡನೆಯ ಆತಂಕ ಬಟ್ಟೆಯದು. ಪಾಲಿಯೆಸ್ಟರ್ ಸೀರೆಗಳು ಮನೆಮನೆಗೂ ಬಂದುದರಿಂದ ಹಳೆಯ ನೂಲಿನ ಸೀರೆ ವಿರಳವಾಗುತ್ತಿದೆ. ಪಾಲಿಯೆಸ್ಟರ್ ಬೆವರು ಹೀರದು, ಪದರಗಳು ಜಾರುತ್ತವೆ. ದರ್ಜಿ ಅಂಗಡಿಗಳಲ್ಲಿ ಉಳಿಯುವ ಹತ್ತಿಬಟ್ಟೆಯ ಚೂರುಗಳನ್ನು ಸಂಗ್ರಹಿಸುವುದು ಒಂದು ದಾರಿ. ಒಳಪದರಕ್ಕೆ ಮಾತ್ರ ಅಖಂಡ ಬಟ್ಟೆಯೇ ಬೇಕು. ಕೆಂಪು ಬಟ್ಟೆಯನ್ನು ಬಳಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡತಕ್ಕದ್ದು. ಬಣ್ಣ ಬಿಡುವ ಒಂದು ತುಂಡು ಇಡೀ ಕೌದಿಯನ್ನು ಕೆಡಿಸೀತು.

ಮಾರುಕಟ್ಟೆ ಇದೆಯೇ ಎಂಬ ಸಂದೇಹಕ್ಕೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು 2004ರಲ್ಲಿ ಕೌದಿ ಸಹಕಾರ ಸಂಘ ಕಟ್ಟಿಕೊಂಡರು; 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆನೆಗೊಂದಿಯಲ್ಲಿ ಬಾಳೆಗೊನೆ ಕಡಿದ ಮೇಲೆ ಎಸೆಯುತ್ತಿದ್ದ ದಿಂಡಿನ ನಾರಿನಿಂದ ಚೀಲ, ಬುಟ್ಟಿಗಳು ತಯಾರಾಗುತ್ತಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ದೊರೆತಿದೆ.

ಸಾಲದ ವಿಷಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು 18 ಕಸುಬುಗಳಿಗೆ ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂ.ವರೆಗೆ ಸಾಲ ನೀಡಲು ರೂಪಿತವಾದದ್ದು. ಆ ಪಟ್ಟಿಯಲ್ಲಿ ಕೌದಿಯ ಹೆಸರಿಲ್ಲ, ದರ್ಜಿಯ ಹೆಸರಿದೆ. ಸೂಜಿ ಹಿಡಿದು ದಿನಗಟ್ಟಲೆ ಹೊಲಿಯುವವರನ್ನು ದರ್ಜಿ ಎನ್ನಬಾರದೇಕೆ ಎಂಬ ಪ್ರಶ್ನೆಯನ್ನು ನಮ್ಮಂಥ ವಾಣಿಜ್ಯ ಸಂಸ್ಥೆಗಳು ಜಿಲ್ಲಾ ಕೈಗಾರಿಕಾ ಕೇಂದ್ರದ ಮುಂದೆ ಲಿಖಿತವಾಗಿ ಇಡಬಹುದಾಗಿದೆ.