ಹಳೇ ಗೋವೆ: ಊರು ಎಲ್ಲಿ ಹೋಯಿತು?

ಖರಾಡಿಯಲ್ಲಿ ಕೋಣೆ ಹಿಡಿದು ಓದುವ ನಮ್ಮಂಥವರಿಗೆ ಶನಿವಾರ, ಭಾನುವಾರ ಎಂದರೆ ಬಟ್ಟೆ ಒಗೆಯುವ ದಿನಗಳು. ಒಂದು ವಾರ ಅದನ್ನು ಬಿಟ್ಟು ಗೋವೆಗೆ ಹೋಗಿಬಂದೆವು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಪಣಜಿ. ಸಮುದ್ರದಂಡೆಯ ಸುದ್ದಿ ಇಲ್ಲಿ ಬೇಡ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಪಣಜಿಯಿಂದ ಮಾಂಡವಿ ನದಿಯ ಗುಂಟ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರು ಹೋದರೆ ಹಳೇ ಗೋವೆ. ಅಲ್ಲಿಯ ಸರ್ಕಾರಿ ಬಸ್ಸಿನ ಹೆಸರು 'ಕದಂಬ'. ಅದನ್ನು ಓದಿ ನಮಗೆ ಸ್ವಲ್ಪ ಹೆಮ್ಮೆಯಾಯಿತು ಎಂದರೆ ನಗಬೇಡಿ.

ಇಳಿದ ಕೂಡಲೇ ಜೊತೆಗಿದ್ದ ಗೆಳೆಯ ಕೇಳಿದ: "ಚರ್ಚು ಅದಾವ, ಹುಲ್ಲು ಐತಿ, ತೆಂಗಿನಗಿಡ ಅದಾವ. ಊರು ಎಲ್ಲೈತಲೇ?"

ಪ್ರಶ್ನೆ ಸರಿಯಾಗಿಯೇ ಇತ್ತು. ಪೋರ್ಚುಗೀಸರ ಪೂರ್ವದೇಶದ ಸಾಮ್ರಾಜ್ಯಕ್ಕೆಲ್ಲ ರಾಜಧಾನಿ ಇದು. ಭಾರತದ ಮೊದಲ ಅಚ್ಚುಕೂಟ 1556ರಲ್ಲಿ ಶುರುವಾದದ್ದು ಇಲ್ಲೇ. ಅಂಥ ಪಟ್ಟಣದಲ್ಲಿ ಈಗ ಒಂದು ಬೀದಿಯೂ ನೆಟ್ಟಗೆ ಉಳಿದಿಲ್ಲ.

ಅದಕ್ಕೂ ಮುಂಚೆ ಇದು ನಮ್ಮ ಬಿಜಾಪುರದ ಆದಿಲಶಾಹಿಯ ಬಂದರು. ಅರಬಸ್ಥಾನದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಜಾಗ. 1510ರಲ್ಲಿ ಅಲ್ಬುಕರ್ಕ್ ಇದನ್ನು ಗೆದ್ದ. ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ಕಡೆಯ ತಿಮ್ಮಯ್ಯ. ಸೇಂಟ್ ಕಜೆತಾನ್ ಚರ್ಚಿನ ಹತ್ತಿರ ಆದಿಲಶಾಹನ ಅರಮನೆಯ ಬಾಗಿಲ ಚೌಕಟ್ಟೊಂದು ಇಂದಿಗೂ ನಿಂತಿದೆ, ಕರಿಕಲ್ಲಿನದು. ಹಿಂದೆ ಅರಮನೆ ಇಲ್ಲ, ಬಯಲು. ಪೋರ್ಚುಗೀಸ್ ವೈಸರಾಯರೂ ಬಹುಕಾಲ ಆ ಅರಮನೆಯಲ್ಲೇ ಇದ್ದರು. 1820ರಲ್ಲಿ ಕೆಡವಿದರು.

ಊರು ಯುದ್ಧದಲ್ಲಿ ಸುಟ್ಟುಹೋಯಿತೇ ಎಂದರೆ, ಇಲ್ಲ. ಅದನ್ನು ಕೊಂದದ್ದು ನೀರು. ಇಲ್ಲಿಯ ನೆಲವೆಲ್ಲ ಚಿರೇಕಲ್ಲು, ಕಾರವಾರ ಕುಮಟೆ ಕಡೆ ಮನೆ ಕಟ್ಟುತ್ತಾರಲ್ಲ, ಅದೇ ಕೆಂಪುಕಲ್ಲು. ಸ್ಪಂಜಿನ ಹಾಗೆ ಮೈತುಂಬ ತೂತು. ಜನ ಹೆಚ್ಚಿದಂತೆ ಹೊಲಸು ನೀರು ಆ ತೂತುಗಳಲ್ಲೇ ಇಳಿದು ಬಾವಿ ಸೇರಿತು. ಕಾಲರಾ ಬಂತು, ಮಲೇರಿಯಾ ಬಂತು, ಮತ್ತೆ ಮತ್ತೆ ಬಂತು. ಡಚ್ಚರ ಪೈಪೋಟಿಯಿಂದ ವ್ಯಾಪಾರವೂ ಇಳಿಯಿತು. 1759ರಲ್ಲಿ ವೈಸರಾಯ್ ಪಣಜಿಗೆ ಮನೆ ಬದಲಿಸಿದ. ಅಲ್ಲಿ ಅವನಿಗೆ ಸಿಕ್ಕ ಮನೆಯೂ ಆದಿಲಶಾಹನ ಅರಮನೆಯೇ! 1843ರಲ್ಲಿ ಪಣಜಿ ರಾಜಧಾನಿಯೆಂದು ಘೋಷಣೆಯಾಯಿತು. ಹಳೆಯ ಮನೆಗಳ ಕಲ್ಲು ಕಿತ್ತು ಹೊಸ ಊರು ಕಟ್ಟಲು ಒಯ್ದರು. ಗೆಳೆಯನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಬೆಳಿಗ್ಗೆ ನಾವು ಚಹಾ ಕುಡಿದೆವಲ್ಲ, ಅಲ್ಲೈತಿ ನೋಡು ಊರು.

ಚರ್ಚುಗಳು ಉಳಿದವು, ಆದರೆ ಎಲ್ಲವೂ ಅಲ್ಲ. 1835ರಲ್ಲಿ ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿತು. ನೋಡುವವರಿಲ್ಲದೆ ಸೇಂಟ್ ಆಗಸ್ಟೀನ್ ಚರ್ಚಿನ ಕಮಾನು ಚಾವಣಿ 1842ರಲ್ಲಿ ಬಿತ್ತು. ಈಗ ಒಂದು ಗೋಪುರದ ಅರ್ಧಭಾಗ, 46 ಮೀಟರು, ಒಂಟಿಯಾಗಿ ನಿಂತಿದೆ. ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಅದೇ.

ಇನ್ನು ಎಲ್ಲರೂ ಹೋಗುವ ಬೊಮ್ ಜೀಸಸ್. 1605ರಲ್ಲಿ ಮುಗಿದದ್ದು, ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ ಇರುವುದು ಇಲ್ಲಿ. ಸುತ್ತಲಿನ ಚರ್ಚುಗಳೆಲ್ಲ ಬಿಳಿ, ಇದೊಂದು ಕೆಂಪು. ಹಳೆಯದಾದ್ದರಿಂದ ಕೆಂಪು ಎಂದುಕೊಂಡಿದ್ದೆ. ತಪ್ಪು. ಇದೂ ಸುಣ್ಣದ ಗಾರೆ ಬಳಿದ ಕಟ್ಟಡವೇ. 1950ರ ದಶಕದಲ್ಲಿ, ಪೋರ್ಚುಗೀಸರ ಕಾಲದಲ್ಲೇ, ಪ್ರಾಚೀನವಾಗಿ ಕಾಣಲಿ ಎಂದು ಗಾರೆ ಕೆತ್ತಿ ತೆಗೆದರು. ಗಾರೆ ಅಂದ ಮಾತ್ರವಲ್ಲ, ಚಿರೇಕಲ್ಲಿಗೆ ಅದು ರೇನ್‌ಕೋಟು. ಅದಿಲ್ಲದೆ ಕೊಂಕಣದ ಮಳೆ ನೇರವಾಗಿ ಕಲ್ಲೊಳಗೆ ಇಳಿಯುತ್ತದೆ. ಬಾವಿಗಳನ್ನು ಕೆಡಿಸಿದ ಅದೇ ತೂತುಗಳು ಈಗ ಗೋಡೆಯನ್ನು ಪುಡಿ ಮಾಡುತ್ತಿವೆ. ಮತ್ತೆ ಗಾರೆ ಬಳಿಯಿರಿ ಎಂದು ಚರ್ಚಿನವರು ಕೇಳುತ್ತ ಬಂದಿದ್ದಾರೆ. ಕೆಂಪು ಗೋಡೆಯನ್ನೇ ನೋಡಿ ಬೆಳೆದವರಿಗೆ ಅದು ಒಗ್ಗುವುದಿಲ್ಲ. ನನ್ನನ್ನು ಕೇಳಿದರೆ, ಬಳಿಯಲಿ. ಫೋಟೋದಲ್ಲಿ ಚೆಂದ ಕಾಣಲೆಂದು ಮುದುಕರ ಅಂಗಿ ಬಿಚ್ಚಿ ಮಳೆಯಲ್ಲಿ ನಿಲ್ಲಿಸುತ್ತಾರೇನು?

ಹೋಗುವವರು ಮಳೆಗಾಲದಲ್ಲೇ ಹೋಗಿ. ಗೋಡೆ ನೀರು ಕುಡಿದು ಕಪ್ಪಾಗುವುದು ಕಣ್ಣಿಗೇ ಕಾಣುತ್ತದೆ. ಕೊಡೆ ಮರೆಯಬೇಡಿ. ನಾವು ಮರೆತು ಪಣಜಿಯಲ್ಲಿ ಎರಡು ಕೊಂಡೆವು; ಒಂದನ್ನು ಬಸ್ಸಿನಲ್ಲಿಯೇ ಬಿಟ್ಟು ಬಂದೆವು.