ಹುಣಸೆ ಹೂವು ಉದುರುವುದು ಏಕೆ?

ಮುಂಗಾರು ಶುರುವಾಗುವ ಕಾಲ. ಹುಣಸೆ ಮರದ ತುಂಬ ಹೂವು. ಮರದ ಕೆಳಗೂ ಹೂವು. ಗುಡಿಸಿದಷ್ಟೂ ಉದುರುತ್ತದೆ. "ಮರಕ್ಕೆ ಕಣ್ಣು ಬಿದ್ದಿದೆ ಕಣಮ್ಮ" ಅಂತ ಕೆಲವರು ಹೇಳ್ತಾರೆ. ಕಣ್ಣು ಬಿದ್ದು ಹೂವು ಉದುರುವುದಿಲ್ಲ. ಕಾರಣ ಹೂವಿನ ಒಳಗೇ ಇದೆ.

ಒಂದು ಹೂವು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಚಿಗುರಿನ ಜೊತೆ ಚಟ್ನಿಗೆ ಹಾಕುವ ಹೂವೇ ಇದು. ಮೊಗ್ಗು ಕೆಂಪಗೆ ಇರುತ್ತದೆ. ಅರಳಿದ ಮೇಲೆ ಮೂರು ಹಳದಿ ಎಸಳು ಕಾಣುತ್ತವೆ. ಎಸಳ ಮೇಲೆ ಕೆಂಪು ಗೆರೆ. ಇನ್ನೂ ಎರಡು ಎಸಳು ಇವೆ. ಅವು ದಾರದ ಹಾಗೆ ಸಣ್ಣ, ಕಣ್ಣಿಗೇ ಬೀಳುವುದಿಲ್ಲ. ನಡುವೆ ಮೂರು ಎಳೆ. ಎಳೆಯ ತುದಿಯಲ್ಲಿ ಪುಡಿ ಇದೆ. ಈ ಪುಡಿಗೆ ಪರಾಗ ಅಂತ ಹೆಸರು. ಇದು ಗಂಡು ಭಾಗ. ಪಕ್ಕದಲ್ಲಿ ಬಾಗಿದ ಹಸಿರು ಕಡ್ಡಿ ಇದೆ. ಇದು ಹೆಣ್ಣು ಭಾಗ. ಮುಂದೆ ಹುಣಸೆಕಾಯಿ ಆಗುವುದು ಇದೇ.

ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ. ಆದರೂ ಕಾಯಿ ಕಟ್ಟುವುದು ಸುಲಭವಲ್ಲ. ಹಸಿರು ಕಡ್ಡಿಯ ತುದಿ ಎಳೆಗಳನ್ನು ದಾಟಿ ಮುಂದೆ ಚಾಚಿದೆ. ಪುಡಿ ತಾನಾಗಿ ಅಲ್ಲಿಗೆ ಹೋಗುವುದು ಅಪರೂಪ. ಹೋದರೂ, ಅದೇ ಮರದ ಪುಡಿಯಿಂದ ಕಾಯಿ ಕಟ್ಟುವುದು ಬಹಳ ಕಡಿಮೆ. ಬೇರೆ ಹುಣಸೆ ಮರದ ಪುಡಿ ಬರಬೇಕು. ಒಂದೇ ಬೆಡಗಿನಲ್ಲಿ ನಾವು ಹೆಣ್ಣು ತರುವುದಿಲ್ಲವಲ್ಲ, ಹಾಗೆ!

ಮರ ನಡೆಯಲಾರದು. ಪುಡಿ ತರುವವರು ಯಾರು? ಜೇನು. ಹೆಜ್ಜೇನು, ತುಡುವೆ ಜೇನು, ಕಡ್ಡಿ ಜೇನು ಎಲ್ಲವೂ ಬರುತ್ತವೆ. ಹೂವಿನ ರಸವೇ ಅವಕ್ಕೆ ಕೂಲಿ. ರಸ ಕುಡಿಯುವಾಗ ಮೈಯ ರೋಮಕ್ಕೆ ಪುಡಿ ಅಂಟುತ್ತದೆ. ಇನ್ನೊಂದು ಮರಕ್ಕೆ ಹಾರಿದಾಗ ಅಲ್ಲಿನ ಹಸಿರು ಕಡ್ಡಿಗೆ ತಾಗುತ್ತದೆ. ಇದೇ ಪರಾಗಸ್ಪರ್ಶ.

ದೇವನಹಳ್ಳಿ ಹತ್ತಿರ ನಲ್ಲೂರಿನಲ್ಲಿ ಬಹಳ ಹಳೆಯ ಹುಣಸೆ ತೋಪು ಇದೆ. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸಾರಿದರು. ಅಂಥ ತೋಪಿನಲ್ಲಿ ಮರದ ಪಕ್ಕ ಮರ. ಜೇನು ದೂರ ಹಾರಬೇಕಿಲ್ಲ. ಬದುವಿನ ಒಂಟಿ ಮರದ ಪಾಡು ಬೇರೆ.

ಹಣ್ಣು ಕುಟ್ಟಿ ಬೀಜ ಬಿಡಿಸುವಾಗ ಎಣಿಸಿ ನೋಡಿ. ಒಂದರಲ್ಲಿ ಎರಡೇ ಬೀಜ, ಇನ್ನೊಂದರಲ್ಲಿ ಎಂಟು. ಒಂದೊಂದು ಬೀಜಕ್ಕೂ ಪರಾಗದ ಒಂದೊಂದು ಕಣ ಬೇಕು. ಎಂಟು ಬೀಜ ಅಂದರೆ ಎಂಟು ಕಣ!

ಪುಡಿ ಸಿಗದ ಹೂವು ಉದುರುತ್ತದೆ. ಸಿಕ್ಕಿದರೂ ಎಲ್ಲವೂ ನಿಲ್ಲುವುದಿಲ್ಲ. ಅಷ್ಟು ಕಾಯಿ ಹೊರುವ ಶಕ್ತಿ ಮರಕ್ಕಿಲ್ಲ. ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಬಿಡುವುದೂ ಹುಣಸೆಯ ಗುಣ. ಮಳೆ ಹಿಡಿದರೆ ಜೇನು ಹೊರಗೆ ಬರುವುದಿಲ್ಲ. ಇದೆಲ್ಲ ನಮ್ಮ ಕೈಲಿಲ್ಲ.

ನಮ್ಮ ಕೈಲಿರುವುದೂ ಇದೆ. ಜೇನುತುಪ್ಪಕ್ಕಾಗಿ ಪಂಜು ಹಿಡಿದು ಹೆಜ್ಜೇನನ್ನೇ ಸುಡುತ್ತಾರೆ. ಪಕ್ಕದ ಟೊಮೆಟೊ ಹೊಲಕ್ಕೆ ಬೆಳಿಗ್ಗೆ ಔಷಧಿ ಹೊಡೀತಾರೆ. ಜೇನು ಹೂವಿನ ಮೇಲೆ ಇರುವ ಹೊತ್ತೇ ಅದು. ಸಂಜೆ, ಜೇನು ಗೂಡು ಸೇರಿದ ಮೇಲೆ ಹೊಡೆದರೆ ಸಾಯುವುದು ಕಡಿಮೆ. ಮನೆಯಲ್ಲಿ ಔಷಧಿ ಹೊಡೆಯುವವರಿಗೆ ಇದನ್ನು ತಿಳಿಸಿ. ಹಣ್ಣು ಕಮ್ಮಿಯಾದರೆ ಕುಟ್ಟುವ ಹೆಂಗಸರ ಕೂಲಿಗೂ ಪೆಟ್ಟು.

ಈಗ ಕಟ್ಟಿದ ಕಾಯಿ ಮಳೆ, ಚಳಿ ದಾಟಿ ಶಿವರಾತ್ರಿ ಆಸುಪಾಸಿಗೆ ಹಣ್ಣಾಗುತ್ತದೆ. ಆಗ ಸಿಪ್ಪೆ ಒಣಗಿ ಸಡಿಲವಾಗಿರುತ್ತದೆ. ಹಣ್ಣು ಬಡಿಯುವ ಕಾಲ ಅದೇ.